ಕೂಗುವವರ ಹೆಸರು

ಮೇಷ್ಟ್ರಿಗೆ ಸಿಟ್ಟು ಬಂದರೆ ಬೈಯುತ್ತಿರಲಿಲ್ಲ. ಎಡಗೈ ಬೆರಳುಗಳ ನೆಟಿಗೆ ಮುರಿಯುತ್ತಿದ್ದರು, ಒಂದೊಂದಾಗಿ, ಲಟಕ್ ಲಟಕ್ ಎಂದು. ಐದು ಬೆರಳು ಮುಗಿಯಿತೆಂದರೆ ಸಿಟ್ಟೂ ಮುಗಿಯಿತು. ನಾನು ಅವರ ಕೈಕೆಳಗೆ ದುಡಿದ ಮೂರು ವರ್ಷಗಳಲ್ಲಿ ಆ ಸಿಟ್ಟು ಎಡಗೈ ದಾಟಿ ಬಲಗೈಗೆ ಹೋಗಿದ್ದನ್ನು ಕಂಡದ್ದು ಒಂದೇ ಸಲ. ಅದಕ್ಕೆ ಕಾರಣ ನಾನು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಕಾಗದದ ಮೇಲಿನ ಹೆಸರಿಗಿಂತ ಜನ ಕೂಗುವ ಹೆಸರು ದೊಡ್ಡದು ಎಂದು ಅವರೇ ಕೊನೆಗೆ ತೀರ್ಮಾನಕ್ಕೆ ಬಂದಿದ್ದರು. ಶಿಕಾರಿಪುರ ಬಸ್‌ಸ್ಟ್ಯಾಂಡಿನ ಆಸುಪಾಸಿನಲ್ಲಿ ‘ಮೇಷ್ಟ್ರೇ’ ಎಂದು ಒಂದು ಸಲ ಕೂಗಿದರೆ ಗೊಬ್ಬರದಂಗಡಿಯ ಮಹಡಿ ಮೇಲಿನ ಕಿಟಕಿಯಿಂದ ಒಂದು ಬೋಳುತಲೆ ಹೊರಗೆ ಇಣುಕುತ್ತಿತ್ತು. ಅಷ್ಟು ಸಾಕು.

ಆ ಮಹಡಿಯ ಮೇಲೆ ಅವರ ಟೈಪಿಂಗ್ ಶಾಲೆ. ಹೊರಗಿನ ಹಾಲಿನಲ್ಲಿ ಎಂಟು ಟೈಪ್‌ರೈಟರ್‌ಗಳು, ಒಳಗಿನ ಕೋಣೆಯಲ್ಲಿ ಒಂದೇ ಒಂದು ಕಂಪ್ಯೂಟರು. ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕು. ಯಂತ್ರದ ಮೇಲೆ ಅವರ ತಾಯಿಯ ಹಳೆಯ ಇಳಕಲ್ ಸೀರೆಯ ಸೆರಗು ಹೊದಿಸಿರುತ್ತಿತ್ತು. ಸಂಜೆ ನಾಲ್ಕಕ್ಕೆ ಮಂಡಕ್ಕಿ, ಮೆಣಸಿನಕಾಯಿ ಬಂದರೆ ಹೊರಗಿನ ಹಾಲಿನಲ್ಲೇ ತಿನ್ನಬೇಕು. ಒಂದು ಕಾಳು ಮಂಡಕ್ಕಿ ಕೀಬೋರ್ಡಿನ ಸಂದಿಗೆ ಬಿದ್ದರೂ ಆ ದಿನ ಎಡಗೈ ಪೂರಾ ಖರ್ಚು. ನಾನು ಸೊರಬದಿಂದ ದಿನವೂ ಬಸ್ಸಿನಲ್ಲಿ ಬಂದು ಹುಡುಗಿಯರಿಗೆ ಟೈಪಿಂಗ್ ಕಲಿಸುತ್ತಿದ್ದೆ, ಒಳಗಿನ ಕೋಣೆಯಲ್ಲಿ ಕೂತು ಹೆಸರು, ವಿಳಾಸ ಹೊಡೆಯುತ್ತಿದ್ದೆ. ಮೇಷ್ಟ್ರು ನನ್ನನ್ನು ‘ಸೊರಬದವ್ವ’ ಎನ್ನುತ್ತಿದ್ದರು. ಮದುವೆಯಾಗಿರಲಿಲ್ಲ ಅವರು. ಯಾಕೆಂದು ಕೇಳಿದವರಿಗೆ, “ಎಂಟು ಮಂದಿ ಅದಾರಲ್ಲ, ದಿನಾ ಎಣ್ಣಿ ಹಾಕಿ ಒರಸಬೇಕು” ಎಂದು ಟೈಪ್‌ರೈಟರ್‌ಗಳ ಕಡೆ ಕೈ ತೋರಿಸುತ್ತಿದ್ದರು.

ಅವರ ತಂದೆ ಕೆರೆ ಮಣ್ಣಿನಲ್ಲಿ ಇಟ್ಟಿಗೆ ಹೊಡೆದು ಬದುಕಿದವರು. ಹಾಗಾಗಿ ಕಂಪ್ಯೂಟರಿನ ಪಾಠವೂ ಅವರ ಬಾಯಲ್ಲಿ ಇಟ್ಟಿಗೆಯ ಪಾಠವೇ ಆಗುತ್ತಿತ್ತು. ಶಿವಮೊಗ್ಗದ ಗೆಳೆಯರೊಬ್ಬರು ಪತ್ರಿಕೆಯ ಜೊತೆ ಬಂದ ಸಿ.ಡಿ.ಯನ್ನೂ ಒಂದು ಕಟ್ಟು ಜೆರಾಕ್ಸ್ ಹಾಳೆಗಳನ್ನೂ ತಂದುಕೊಟ್ಟಿದ್ದರು. ಸಿ.ಡಿ.ಯಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಇತ್ತು. ಸಾಲಿನ ಮುಂದೆ ಬಿಡುವ ಖಾಲಿ ಜಾಗ ಒಂದಿಷ್ಟು ಹೆಚ್ಚುಕಮ್ಮಿಯಾದರೂ ಆ ಭಾಷೆ ಓಡುವುದಿಲ್ಲ. ಮೇಷ್ಟ್ರಿಗೆ ಅದನ್ನು ಕಂಡು ಹಿಗ್ಗೋ ಹಿಗ್ಗು. “ನೋಡವ್ವಾ, ಟೈಪಿಂಗ್ ಮೇಷ್ಟ್ರಿಗಂತ ಹೇಳಿ ಮಾಡಿಸಿದ ಭಾಷಿ! ಇಪ್ಪತ್ತು ವರ್ಷದಿಂದ ‘ಜಾಗ ಬಿಡ್ರಿ, ಜಾಗ ಬಿಡ್ರಿ’ ಅಂತ ಬಡ್ಕಂಡೆ, ಒಬ್ರೂ ಕೇಳ್ಲಿಲ್ಲ. ಇದು ಕೇಳ್ತತಿ.”

ಜೆರಾಕ್ಸ್ ಹಾಳೆಗಳಲ್ಲಿ ಇದ್ದದ್ದು ಸ್ಕೀಮಾ ಎಂಬುದರ ವಿವರ. ಹೊರದೇಶದಲ್ಲಿ ಅದು ಇನ್ನೂ ಕರಡು ರೂಪದಲ್ಲೇ ಇತ್ತಂತೆ. ಒಂದು ಅರ್ಜಿ ನಮೂನೆಯಲ್ಲಿ ಯಾವ ಯಾವ ಮನೆಗಳು, ಅಂದರೆ ಭರ್ತಿ ಮಾಡುವ ಖಾನೆಗಳು, ಇರಬೇಕು, ಯಾವ ಮನೆಯಲ್ಲಿ ಅಕ್ಷರ ಬರಬೇಕು, ಯಾವುದರಲ್ಲಿ ಅಂಕಿ ಮಾತ್ರ, ಯಾವುದನ್ನು ಖಾಲಿ ಬಿಡುವಂತಿಲ್ಲ, ಇದನ್ನೆಲ್ಲ ಎಕ್ಸ್‌ಎಂಎಲ್ ಎಂಬ ಕ್ರಮದಲ್ಲಿ, ಮೂಲೆ ಕಂಸಗಳ ನಡುವೆ ಬರೆದಿಟ್ಟ ಕಡತವೇ ಸ್ಕೀಮಾ. ಮೇಷ್ಟ್ರು ಮಳೆಗಾಲವಿಡೀ ಕೂತು ಒಂದು ಪ್ರೋಗ್ರಾಂ ಬರೆದರು. ಅದು ಸ್ಕೀಮಾವನ್ನು ಓದಿಕೊಂಡು, ಅದಕ್ಕೆ ಒಪ್ಪುವ ಪೈಥಾನ್ ಕ್ಲಾಸುಗಳನ್ನು ತಾನೇ ಬರೆದು ಹಾಕುತ್ತಿತ್ತು. ಅಂಥ ಪ್ರೋಗ್ರಾಮಿಗೆ ಜನರೇಟರ್ ಎನ್ನುತ್ತಾರಂತೆ. ಕ್ಲಾಸು ಅಂದರೆ ಅಚ್ಚು. ಒಂದೊಂದು ಹೆಸರು, ವಿಳಾಸವೂ ಆ ಅಚ್ಚಿನಲ್ಲಿ ಹೊಡೆದ ಇಟ್ಟಿಗೆ. ಅಚ್ಚಿಗೆ ಹೊಂದದ ಮಣ್ಣು ಬಂದರೆ ಯಂತ್ರ ‘ಕೀಂಯ್’ ಎಂದು ಚೀರುತ್ತಿತ್ತು.

“ನಮೂನಿ ಬದಲಾದಾಗೆಲ್ಲ ಪ್ರೋಗ್ರಾಂ ಬರೀತಾ ಕೂತ್ರೆ ಯಾವಾಗ ಮುಗೀಬೇಕು? ನಕ್ಷೆ ತಿದ್ದು, ಅಚ್ಚು ತಾನೇ ಬರ್ತತಿ. ತಪ್ಪಿದ್ರೆ ಅಚ್ಚಿನ್ಯಾಗ ತಿದ್ದು, ಇಟ್ಟಿಗ್ಯಾಗ ತಿದ್ದಬ್ಯಾಡ” ಎನ್ನುವುದು ಅವರ ಮಾತು. ದಿನಕ್ಕೆ ಹತ್ತು ಸಲವಾದರೂ ಬರುತ್ತಿತ್ತು. ಅದು ಕೊನೆಗೂ ಓಡಿದ ದಿನ ಇಡೀ ಬೀದಿಗೆ ಮಂಡಕ್ಕಿ ಹಂಚಿದರು. ಕೆಳಗಿನ ಗೊಬ್ಬರದಂಗಡಿ ಯಜಮಾನರು ಮೆಟ್ಟಿಲ ಬುಡದಲ್ಲಿ ನಿಂತು, “ಮೇಷ್ಟ್ರೇ, ಜನರೇಟರ್ ಮಾಡಿದಿರಂತೆ. ಕರೆಂಟ್ ಹೋದಾಗ ನಮ್ಮಂಗಡಿಗೂ ಒಂದು ವಯರ್ ಎಳೀರಿ” ಎಂದರು. ಮೇಷ್ಟ್ರು ನಕ್ಕು ನಕ್ಕು ಕೆಮ್ಮಿದರು.

ಆ ಅಚ್ಚಿಗೆ ಹಾಕಿದ ಮೊದಲ ಮಣ್ಣು ರಕ್ತದ ಪುಸ್ತಕ.

ನಮ್ಮ ಎರಡೂ ಊರುಗಳಲ್ಲಿ ಆಗ ರಕ್ತ ಬೇಕೆಂದರೆ ಶಿವಮೊಗ್ಗಕ್ಕೇ ಹೋಗಬೇಕಿತ್ತು. ಅಲ್ಲಿಯೂ ನೆಗೆಟಿವ್ ಗುಂಪಿನ ರಕ್ತ ಸಿಗುವುದು ಕಷ್ಟ. ಮೇಷ್ಟ್ರದ್ದು ಬಿ ನೆಗೆಟಿವ್. ಅವರೂ ನಾಲ್ಕಾರು ಗೆಳೆಯರೂ ಸೇರಿ, ರಕ್ತ ಕೊಡಲು ಒಪ್ಪಿದವರ ಹೆಸರುಗಳನ್ನು ಉದ್ದನೆಯ ಕೆಂಪು ಬೈಂಡಿನ ಪುಸ್ತಕದಲ್ಲಿ ವರ್ಷಗಟ್ಟಲೆ ಬರೆದುಕೊಂಡು ಬಂದಿದ್ದರು. ಶಿಕಾರಿಪುರ, ಸೊರಬ, ಜಡೆ, ಚಂದ್ರಗುತ್ತಿ, ಎಲ್ಲಿಯವರೂ ಅದರಲ್ಲಿದ್ದರು. ಯಾರಿಗಾದರೂ ಬೇಕಾದರೆ ಪುಸ್ತಕ ತೆಗೆದು ಫೋನು ಮಾಡುವುದು.

ಫೋನು ಅಂದೆನಲ್ಲ, ಆಗ ಹಳ್ಳಿಗೆ ಎರಡೋ ಮೂರೋ ಫೋನು. ಇಲ್ಲದವರು ಪಕ್ಕದ ಮನೆಯದೋ ಅಂಗಡಿಯದೋ ನಂಬರು ಕೊಟ್ಟು ಎದುರಿಗೆ ‘ಪಿ.ಪಿ.’ ಎಂದು ಬರೆಸುತ್ತಿದ್ದರು. ಆ ಎರಡಕ್ಷರಕ್ಕೆ ಇಂಗ್ಲಿಷಿನಲ್ಲಿ ಏನರ್ಥವೋ ನಮಗೆ ಬೇಕಿರಲಿಲ್ಲ. ಫೋನು ನನ್ನದಲ್ಲ, ಆದರೆ ಅವರು ನನ್ನನ್ನು ಕೂಗುತ್ತಾರೆ ಎಂದು ಲೆಕ್ಕ. ಸೊರಬದಲ್ಲಿ ನಮ್ಮ ಮನೆಯದೂ ಪಿ.ಪಿ.ಯೇ. ಪಕ್ಕದ ಮನೆ ಪ್ರೇಮಕ್ಕ ಅಂಗಳಕ್ಕೆ ಬಂದು ಕೂಗಿದರೆ ನಾವು ಓಡಬೇಕು. ರಕ್ತದ ಪುಸ್ತಕದಲ್ಲಿ ನಂಬರಿನ ಮುಂದೆ ಪಿ.ಪಿ., ಅದರ ಮುಂದೆ ಯಾರ ಮನೆ, ಅದರ ಮುಂದೆ ಏನೆಂದು ಹೇಳಿದರೆ ಗುರುತು ಹತ್ತುತ್ತದೆ, ಎಲ್ಲವೂ ಅಂಚಿನವರೆಗೆ, ಕೆಲವು ಕಡೆ ಅಂಚು ಸುತ್ತಿಕೊಂಡು, ಗೀಚಿರುತ್ತಿತ್ತು.

ಮೇಷ್ಟ್ರ ಸ್ಕೀಮಾದಲ್ಲಿ ಹೆಸರು, ತಂದೆಯ ಹೆಸರು, ವಯಸ್ಸು, ರಕ್ತದ ಗುಂಪು, ಊರು, ಫೋನು, ಹಿಂದಿನ ಸಲ ಕೊಟ್ಟ ದಿನ ಇಷ್ಟೇ ಇದ್ದವು. ಫೋನಿನ ಮನೆಗೆ ಅಂಕಿ ಮಾತ್ರ. ನಾನು ಮೊದಲನೆಯ ಪಿ.ಪಿ. ಹೊಡೆದ ಕೂಡಲೇ ಯಂತ್ರ ಕೀಂಯ್ ಎಂದಿತು.

“ಮೇಷ್ಟ್ರೇ, ಫೋನಿನ ಮನೆ ಅಕ್ಷರ ತಗೊಳ್ತಾ ಇಲ್ಲ.”

ಅವರು ಆ ಕಡೆ ತಿರುಗಿ ಟೈಪ್‌ರೈಟರಿನ ಹೊಟ್ಟೆಯೊಳಗೆ ಕೈ ಹಾಕಿದ್ದರು. ತಿರುಗದೇ, “ಫೋನ್ ನಂಬರಿನ್ಯಾಗ ಅಕ್ಷರ ಯಾಕ ಬೇಕವ್ವಾ?” ಎಂದರು.

ಪಿ.ಪಿ. ಎಂದು ಒಂದು ಮಾತು ಬಿಡಿಸಿ ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಹಿಂದಿನ ದಿನ ತಾನೇ ಮಂಡಕ್ಕಿ ಹಂಚಿದವರು. ಅಚ್ಚಿನಲ್ಲಿ ತಪ್ಪಿದೆ ಎನ್ನಲು ನನಗೆ ಬಾಯಿ ಬರಲಿಲ್ಲ. ಅಂಕಿಗಳನ್ನಷ್ಟೇ ಹೊಡೆದೆ. ಯಂತ್ರ ಸುಮ್ಮನಾಯಿತು. ಮುಂದಿನದಕ್ಕೂ ಹಾಗೇ ಮಾಡಿದೆ. ನಾಲ್ಕು ದಿನ ಕೂತು ಪುಸ್ತಕವಿಡೀ ಹಾಗೇ ಮುಗಿಸಿದೆ. ಇಟ್ಟಿಗೆಯಲ್ಲಿ ತಿದ್ದಿದೆ. ತಾಳೆ ನೋಡುತ್ತೇನೆಂದು ಪುಸ್ತಕವನ್ನು ಮನೆಗೆ ಒಯ್ದವಳು ವಾಪಸು ತರಲೂ ಇಲ್ಲ. ಮೇಷ್ಟ್ರು ಕೇಳಲೂ ಇಲ್ಲ. ಅವರಿಗೆ ಪುಸ್ತಕದ ಅಗತ್ಯ ಮುಗಿದಿತ್ತು.

ದಸರೆ ಕಳೆದು ಎರಡು ವಾರವಾಗಿರಬಹುದು. ಬೆಳಿಗ್ಗೆ ಹತ್ತೂವರೆಗೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಒಬ್ಬ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತ. ಉಸಿರು ಸಿಕ್ಕದೆ ನಿಂತೇ ಇದ್ದ.

“ಇಲ್ಲಿ ಕಂಪ್ಯೂಟರ್‌ನ್ಯಾಗ ರಕ್ತ ಸಿಗ್ತದಂತಲ್ರೀ?”

ಹೆಸರು ಬೀರಪ್ಪ. ಹೊಸಬಾಳೆಯವನು. ಕುರಿ ಸಾಕುವ ಮನೆತನ. ತಂಗಿಯನ್ನು ಜಡೆಗೆ ಕೊಟ್ಟಿದ್ದರು. ಎಂಟು ತಿಂಗಳ ಬಸುರಿ. ಬೆಳಗಿನ ಜಾವ ರಕ್ತ ಹೋಗಲು ಶುರುವಾಗಿ, ಅವಳ ಗಂಡ ಜೀಪಿನಲ್ಲಿ ಹಾಕಿಕೊಂಡು ಶಿವಮೊಗ್ಗಕ್ಕೆ ಹೋಗಿದ್ದಾನೆ. ಬಿ ನೆಗೆಟಿವ್ ರಕ್ತ ಎರಡು ಬಾಟಲಿ ಬೇಕು, ಮಧ್ಯಾಹ್ನದೊಳಗೆ ಆಪರೇಷನ್ ಆಗಬೇಕು, ಅಲ್ಲಿ ಒಂದೂ ಇಲ್ಲ, ಕೊಡುವವರನ್ನು ಕರೆದು ತನ್ನಿ ಎಂದಿದ್ದಾರೆ ಡಾಕ್ಟರು ಎಂದು ಗಂಡ ಅಲ್ಲಿಂದ ಫೋನು ಮಾಡಿಸಿದ್ದಾನೆ. ಸೊರಬದಲ್ಲಿ ಯಾರೋ ಇವನಿಗೆ ಮೇಷ್ಟ್ರ ಯಂತ್ರದ ಸುದ್ದಿ ಹೇಳಿ ಬಸ್ಸು ಹತ್ತಿಸಿದ್ದಾರೆ.

“ಕೂತ್ಕಾ ತಮ್ಮಾ” ಎಂದರು ಮೇಷ್ಟ್ರು. ಅವನು ಕೂರಲಿಲ್ಲ. ಚಪ್ಪಲಿ ಬಿಡದೇ ಒಳಗಿನ ಕೋಣೆಗೆ ಬಂದ. ಮೇಷ್ಟ್ರು ಅವನ ಕಾಲಿನ ಕಡೆ ನೋಡಲೇ ಇಲ್ಲ. ಸೀರೆಯ ಸೆರಗು ಸರಿಸಿ, ಎರಡು ಗುಂಡಿ ಒತ್ತಿದರು. ಐದು ಹೆಸರು ಬಂದವು.

“ಐದು ಮಂದಿ ಅದಾರ. ಎರಡು ಬೇಕು. ಹೆದರಬ್ಯಾಡ” ಎಂದರು.

ಮೊದಲನೆಯವರು ಶಿಕಾರಿಪುರದವರೇ. ಅವರ ಹೆಂಡತಿ ಫೋನೆತ್ತಿ, “ಮಗಳ ಮನಿಗೆ ಹುಬ್ಬಳ್ಳಿಗೆ ಹೋಗ್ಯಾರ್ರೀ” ಎಂದರು. ಎರಡನೆಯದು ಸೊರಬ. ರಿಂಗಾಯಿತು, ರಿಂಗಾಯಿತು, ಯಾರೂ ಎತ್ತಲಿಲ್ಲ. ಮೂರನೆಯದು ಜಡೆ.

“ಬಸವರಾಜಪ್ಪ ಅವರು ಇದಾರೇನ್ರೀ?”

“ಯಾವ ಬಸವರಾಜಪ್ಪ? ಇದು ಅಕ್ಕಿ ಗಿರಣಿ. ಅಂಥೋರು ಯಾರೂ ಇಲ್ಲ, ಇಡ್ರೀ.”

ನಾಲ್ಕನೆಯದು ಚಂದ್ರಗುತ್ತಿ. ಒಬ್ಬ ಹೆಂಗಸು, “ರಾಂಗ್ ನಂಬರ್” ಎಂದು ಇಟ್ಟೇಬಿಟ್ಟಳು.

ಐದನೆಯದು ಮೇಷ್ಟ್ರ ಹೆಸರು. ಅವರು ರಕ್ತ ಕೊಟ್ಟು ಒಂದೂವರೆ ತಿಂಗಳಾಗಿತ್ತು. ಮೂರು ತಿಂಗಳಾಗದೆ ಮತ್ತೆ ಕೊಡುವಂತಿಲ್ಲ. ಯಂತ್ರ ಅವರ ಹೆಸರಿನ ಮುಂದೆ ‘ಈಗ ಇಲ್ಲ’ ಎಂದು ತೋರಿಸುತ್ತಿತ್ತು. ಆ ತಪಾಸಣೆಯನ್ನು ಅವರೇ ಕೈಯಾರೆ ಬರೆದು ಸೇರಿಸಿದ್ದರು.

“ಏನಂತದ್ರೀ ನಿಮ್ಮ ಡಬ್ಬಿ?” ಎಂದ ಬೀರಪ್ಪ.

ಮೇಷ್ಟ್ರು ಮತ್ತೊಮ್ಮೆ ಜಡೆಯ ನಂಬರು ಒತ್ತಿದರು. ಮತ್ತೆ ಗಿರಣಿ, ಮತ್ತೆ ಬೈಗುಳ. “ನಂಬರು ಹೆಂಗ ತಪ್ಪಿತು? ಎರಡೂ ಹೆಂಗ ತಪ್ಪಿದವು?” ಎನ್ನುತ್ತಾ ಎಡಗೈ ಬೆರಳಿಗೆ ಕೈ ಹಾಕಿದರು. ಲಟಕ್.

“ತಪ್ಪಿಲ್ಲ ಮೇಷ್ಟ್ರೇ. ಅವು ಪಿ.ಪಿ. ನಂಬರು. ಯಂತ್ರ ಚೀರ್ತಿತ್ತು, ಅದಕ್ಕೆ ಪಿ.ಪಿ. ಬಿಟ್ಟು ಹೊಡೆದೆ. ಯಾರನ್ನ ಕೇಳ್ಬೇಕು, ಏನಂತ ಕೇಳ್ಬೇಕು ಅನ್ನೋದೂ ಬಿಟ್ಟೆ. ಅದಕ್ಕೆ ಮನೆನೇ ಇರ್ಲಿಲ್ಲ.”

“ಎಷ್ಟು ಮಂದೀದು?”

“ಹಳ್ಳಿಯವರದ್ದೆಲ್ಲಾ.”

ಎಡಗೈ ಮುಗಿಯಿತು. ಬಲಗೈಗೆ ಹೋದರು. ಹೆಬ್ಬೆರಳು, ತೋರುಬೆರಳು, ನಡುಬೆರಳು. ಅಲ್ಲಿಗೆ ನಿಲ್ಲಿಸಿದರು. ಬೀರಪ್ಪ ನನ್ನ ಮುಖ ಅವರ ಮುಖ ನೋಡುತ್ತಿದ್ದ. ಅವನಿಗೆ ಏನೂ ಅರ್ಥವಾಗಿರಲಿಲ್ಲ, ಕೆಟ್ಟದ್ದೇನೋ ಆಗಿದೆ ಎಂಬುದೊಂದು ಬಿಟ್ಟು.

“ನೀ ಹೇಳಾಕ ಬಂದಿದ್ದೆ” ಎಂದರು ಮೇಷ್ಟ್ರು ನಿಧಾನವಾಗಿ. “ನಾನು ಬೆನ್ನು ತಿರುಗಿಸ್ಕಂಡು ಮಾತಾಡಿದೆ ಅವತ್ತು. ಪುಸ್ತಕ ಎಲ್ಲೈತಿ?”

“ಸೊರಬದಲ್ಲಿ. ನಮ್ಮನೇಲಿ.”

ಅಂಗಿ ಜೇಬಿನಿಂದ ತಮ್ಮ ರಕ್ತದಾನದ ಕಾರ್ಡು ತೆಗೆದರು. ಹಿಂದಿನ ಸಲ ಕೊಟ್ಟ ದಿನ ಬರೆದಿದ್ದ ಕಾರ್ಡು. ಅದನ್ನು ನನ್ನ ಮೇಜಿನ ಡ್ರಾಯರಿನೊಳಗೆ ಹಾಕಿ ಮುಚ್ಚಿದರು. “ನಡಿಯಪ್ಪಾ ತಮ್ಮಾ. ಹನ್ನೊಂದರ ಬಸ್ಸು ಐತಿ. ಒಂದು ಬಾಟ್ಲಿ ನನ್ನ ಮೈಯಾಗೈತಿ.”

“ಮೇಷ್ಟ್ರೇ, ಮೂರು ತಿಂಗಳು ಆಗಿಲ್ಲ” ಎಂದೆ.

“ಅದು ಈ ಯಂತ್ರಕ್ಕ ಗೊತ್ತೈತಿ. ಆಸ್ಪತ್ರಿಯೋರಿಗೆ ಗೊತ್ತಿಲ್ಲ. ನೀ ಪುಸ್ತಕ ಹುಡುಕಿಸು. ಫೋನು ಬಿಟ್ಟು ಏಳಬ್ಯಾಡ.”

ಕಿಟಕಿಯಿಂದ ನೋಡಿದೆ. ಬಸ್ಸು ಹೊರಟಿತ್ತು. ಬೋಳುತಲೆಯ ಮೇಷ್ಟ್ರು ಮುಂದೆ, ಕಂಬಳಿಯವನು ಹಿಂದೆ, ಇಬ್ಬರೂ ಓಡುತ್ತಾ ಬಾಗಿಲ ಕಂಬಿ ಹಿಡಿದರು.

ನಾನು ಪ್ರೇಮಕ್ಕನ ನಂಬರು ಒತ್ತಿದೆ. ಅವರು ರಿಸೀವರು ಪಕ್ಕಕ್ಕಿಟ್ಟು ಅಂಗಳಕ್ಕೆ ಹೋದದ್ದು, ಕೂಗಿದ್ದು, ಎಲ್ಲವೂ ಫೋನಿನಲ್ಲಿ ಕೇಳುತ್ತಿತ್ತು.

“ಸೀತಜ್ಜೀ!”

ನಮ್ಮ ಅಜ್ಜಿಗೊಂದು ನಿಯಮ. ಯಾರೇ ಕೂಗಲಿ, ಮೂರನೆಯ ಕೂಗಿಗೆ ಮಾತ್ರ ಓ ಎನ್ನಬೇಕು. ಸಾವು ಬಂದು ಹೆಸರು ಹಿಡಿದು ಕೂಗುತ್ತದೆ, ಆದರೆ ಅದಕ್ಕೆ ಮೂರು ಸಲ ಕೂಗುವಷ್ಟು ತಾಳ್ಮೆ ಇಲ್ಲ ಎಂದು ಅವಳ ಅಜ್ಜಿ ಅವಳಿಗೆ ಹೇಳಿದ್ದಳಂತೆ. ಈ ಕತೆಯನ್ನು ನಾನೊಮ್ಮೆ ಮೇಷ್ಟ್ರಿಗೆ ಹೇಳಿದ್ದೆ. “ಪಾಸ್‌ವರ್ಡ್ ಇದ್ದಂಗೈತಲ್ಲ ಮಾರಾಯ್ತಿ” ಎಂದು ನಕ್ಕಿದ್ದರು.

“ಸೀತಜ್ಜೀ!”

ಓ ಅನ್ನೇ ಅಜ್ಜೀ, ಓ ಅನ್ನೇ ಎಂದು ಇಲ್ಲಿಂದ ನಾನು ಕಿರುಚಿದೆ.

“ಸೀತಜ್ಜೀ, ಕಿವಿ ಕೇಳ್ತಿಲ್ವಾ!”

“ಓ...” ಎಂದಳು ಅಜ್ಜಿ, ದೂರದಲ್ಲಿ, ಸಾವಕಾಶವಾಗಿ.

ಫೋನಿಗೆ ಬಂದವಳು ಮೊದಲು ಕೇಳಿದ್ದು ಊಟ ಆಯ್ತೇನೇ ಎಂದು. ಕೆಂಪು ಪುಸ್ತಕ ಎಲ್ಲಿ ಎಂದು ನಾನು ನಾಲ್ಕು ಸಲ ಕೇಳಬೇಕಾಯಿತು.

“ಉದ್ದಂದಾ? ಅಕ್ಕಿ ಡ್ರಮ್ಮು ಅಲ್ಲಾಡ್ತಿತ್ತು ಕಣೇ. ಅದರ ಕೆಳಗೆ ಒತ್ತು ಕೊಟ್ಟೆ.”

“ಅದನ್ನ ತೆಗಿಯೇ ಅಜ್ಜಿ, ಒಂದು ಜೀವ ಹೋಗ್ತಾ ಇದೆ!”

“ಎಂತದು, ಪುಸ್ತಕದಲ್ಲಿ ಜೀವ?”

ಪ್ರೇಮಕ್ಕ ಅವಳ ಜೊತೆ ಹೋದರು. ತುಂಬಿದ ಡ್ರಮ್ಮು ಇಬ್ಬರು ಹೆಂಗಸರಿಗೆ ಬಗ್ಗಲಿಲ್ಲ. ಅಕ್ಕಿಯನ್ನು ಸೇರು ಸೇರಾಗಿ ತೋಡಿ ಹಾಕಬೇಕಾಯಿತು. ಅಷ್ಟರಲ್ಲಿ ಲೈನು ಕಡಿಯಿತು. ಮತ್ತೆ ಸಿಕ್ಕಿತು. ಮತ್ತೆ ಕಡಿಯಿತು. ಹೊರಗಿನ ಹಾಲಿನಲ್ಲಿ ಹುಡುಗಿಯರು ಟಕಟಕ ಹೊಡೆಯುತ್ತಿದ್ದರು. ಅವರನ್ನೆಲ್ಲ ಮನೆಗೆ ಕಳಿಸಿದೆ. ಗೋಡೆ ಗಡಿಯಾರ ಹನ್ನೆರಡೂವರೆ ತೋರಿಸುತ್ತಿದ್ದಾಗ ಪ್ರೇಮಕ್ಕನ ದನಿ ಬಂತು, ಏದುಸಿರು ಬಿಡುತ್ತಾ:

“ಜಡೆ, ಬಸವರಾಜಪ್ಪ... ಮುಂದೆ ಪಿ.ಪಿ. ಅಕ್ಕಿ ಗಿರಣಿ ಅಂತಿದೆ. ಕೆಳಗೆ ಮೇಷ್ಟ್ರೇ ಬರೆದಿದಾರೆ. ‘ಹಾರ್ಮೋನಿಯಂ ಬಸಣ್ಣ ಅನ್ನಬೇಕು.’”

ಗಿರಣಿಗೆ ಫೋನು ಹಚ್ಚಿದೆ.

“ಮತ್ತೆ ನೀವೇ ಏನ್ರೀ?”

“ಹಾರ್ಮೋನಿಯಂ ಬಸಣ್ಣ ಬೇಕಿತ್ರೀ.”

“ಹಂಗನ್ರೀ ಮತ್ತೆ! ಬಸವರಾಜಪ್ಪ, ಕಲ್ಯಾಣಪ್ಪ ಅಂದ್ರೆ ಯಾರಿಗೆ ಗೊತ್ತಾಗ್ತದೆ? ಬೆಳಗ್ಗಿಂದ ಇಲ್ಲೇ ನಮ್ಮ ಕಟ್ಟೆ ಮ್ಯಾಲೇ ಕೂತಿದ್ನಲ್ರೀ, ಭತ್ತ ಮಾಡಿಸ್ಕಂಡು ಹೋಗಾಕೆ ಬಂದು. ನೀವು ಆಗ ಎರಡು ಸಲ ಮಾಡಿದಾಗ್ಲೂ ಇಲ್ಲೇ ಇದ್ದ. ಈಗ ಗಾಡಿ ಹೊಡ್ಕಂಡು ಹೋದ.”

ಆ ಮಾತು ಇವತ್ತಿಗೂ ನನ್ನ ಕಿವಿಯಿಂದ ಹೋಗಿಲ್ಲ. ನಾವು ಇಲ್ಲಿ ಬಸವರಾಜಪ್ಪ ಎಂದು ಕೂಗುತ್ತಿದ್ದಾಗ ಅವನು ಫೋನಿನಿಂದ ನಾಲ್ಕು ಮಾರು ದೂರದಲ್ಲಿ ಕೂತು ಎಲೆಯಡಿಕೆ ಹಾಕುತ್ತಿದ್ದ. ಆ ಬಸುರಿಯೂ ಜಡೆಯವಳೇ. ಅವಳನ್ನು ಹೊತ್ತ ಜೀಪು ಅವನ ಮನೆಯ ಮುಂದೆಯೇ ಹೋಗಿತ್ತು.

ಗಿರಣಿಯವರಿಗೆ ವಿಷಯ ಹೇಳಿದೆ. ಬೈಯುತ್ತಿದ್ದ ಅದೇ ಮನುಷ್ಯ, “ಅಯ್ಯೋ ದೇವ್ರೇ, ಮೊದ್ಲೇ ಹೇಳ್ಬಾರದಾ ತಾಯೀ” ಎಂದು ತನ್ನ ಮೋಟರ್ ಸೈಕಲ್ ಹತ್ತಿ ಹೊರಟ. ನಾನು ಚಂದ್ರಗುತ್ತಿಯನ್ನು ಹಿಡಿದೆ. ಅದು ಹೂವಿನಂಗಡಿಯ ನಂಬರು. ಸರಿಯಾಗಿ ಕೇಳಿದ ಮೇಲೆ ಆ ಹೆಂಗಸು ಕೂಗಿಸಿದಳು. ಆದರೆ ನಮಗೆ ಬೇಕಾದವರು ಯಾವುದೋ ನೆಂಟರ ಮನೆಗೆ ಹೋಗಿದ್ದರು, ಯಾವ ಊರು ಎಂದು ಯಾರಿಗೂ ಗೊತ್ತಿರಲಿಲ್ಲ.

ಒಂದು ಗಂಟೆ ಇಪ್ಪತ್ತಕ್ಕೆ ಶಿವಮೊಗ್ಗದ ಬೂತಿನಿಂದ ಮೇಷ್ಟ್ರ ಫೋನು. “ನಂದು ಕೊಟ್ಟೆ. ಸಿಕ್ಕನಾ?”

“ಗದ್ದೆ ಕಡೆ ಹೋಗಿದಾನಂತೆ. ಹುಡುಕ್ತಾ ಇದಾರೆ.”

ಎರಡು ಗಂಟೆಗೆ: “ಸಿಕ್ಕನಾ?”

“ಈಗ ಸಿಕ್ಕಿದಾನೆ. ಗಿರಣಿಯವರು ಗಾಡಿ ಮೇಲೆ ಶಿರಾಳಕೊಪ್ಪಕ್ಕೆ ಬಿಡ್ತಾರಂತೆ. ಅಲ್ಲಿಂದ ಬಸ್ಸು.”

ಮೂರು ಗಂಟೆಗೆ ಮೇಷ್ಟ್ರ ದನಿ ಸಣ್ಣಗಾಗಿತ್ತು. ಗೋಡೆಗೆ ಒರಗಿಕೊಂಡು ಮಾತಾಡುತ್ತಿದ್ದರೇನೋ. “ಒಂದೇ ಬಾಟ್ಲಿ ಇಟ್ಕಂಡು ಹೊಟ್ಟಿ ಕೊಯ್ದರ ತಾಯಿ ಉಳಿಯಂಗಿಲ್ಲ ಅಂತಾರ. ಕಾಯ್ದರ ಕೂಸು... ಎಲ್ಲಿದಾನವ್ವಾ ಅವನು?”

“ಬರ್ತಾ ಇದಾನೆ ಮೇಷ್ಟ್ರೇ.”

“ಬರ್ತಾ ಇದಾನಲ್ಲ?”

“ಬರ್ತಾ ಇದಾನೆ.”

ಬಸಣ್ಣ ಆಸ್ಪತ್ರೆ ಮುಟ್ಟಿದಾಗ ಐದು ಗಂಟೆ. ತಾಯಿ ಉಳಿದಳು. ಕೂಸು ಉಳಿಯಲಿಲ್ಲ. ಕಾದ ಡಾಕ್ಟರದು ತಪ್ಪೆಂದು ಯಾರೂ ಹೇಳುವ ಹಾಗಿರಲಿಲ್ಲ. ತಪ್ಪು ನಮ್ಮ ಮಹಡಿಯ ಮೇಲಿನ ಸಣ್ಣ ಕೋಣೆಯಲ್ಲಿ, ಇಳಕಲ್ ಸೆರಗಿನ ಕೆಳಗೆ ಇತ್ತು.

ಮರುದಿನ ಮೇಷ್ಟ್ರು ಬಂದರು. ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ನಾನು ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಒಂದು ಮಾತು ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಅವರು ಚಪ್ಪಲಿ ಬಿಟ್ಟು ಒಳಗೆ ಹೋಗಿ ಯಂತ್ರ ಶುರು ಮಾಡಿ, ಸ್ಕೀಮಾ ತೆರೆದರು. ಫೋನಿನ ಕೆಳಗೆ ಹೊಸದೊಂದು ಮನೆ ಬರೆದರು. ಇಂಗ್ಲಿಷ್ ಅಕ್ಷರಗಳಲ್ಲಿ, ಕನ್ನಡ ಮಾತು: ಕೂಗುವವರು. ಅಕ್ಷರ ಬರಬಹುದು. ಖಾಲಿ ಬಿಡುವಂತಿಲ್ಲ. ತಮ್ಮ ಪ್ರೋಗ್ರಾಂ ಓಡಿಸಿದರು. ಒಂದು ಗುಟುಕು ಚಹಾ ಕುಡಿಯುವಷ್ಟರಲ್ಲಿ ಹೊಸ ಕ್ಲಾಸುಗಳು ಬಂದು ಬಿದ್ದವು.

“ಒಂದು ಸಾಲು” ಎಂದರು. ಕನ್ನಡಕ ತೆಗೆದು ಒರೆಸಿಕೊಂಡರು. “ಒಂದೇ ಒಂದು ಸಾಲು ಇತ್ತವ್ವಾ.”

ಆಮೇಲೆ ಯಂತ್ರದಲ್ಲಿ ತಮ್ಮ ಹೆಸರಿನ ವಿವರ ತೆರೆದು, ರಕ್ತ ಕೊಟ್ಟದ್ದು ನಿನ್ನೆ ಎಂದು ನಿಜವಾದ ದಿನವನ್ನೇ ಹೊಡೆದರು. ಮೂರು ತಿಂಗಳಾಗಿಲ್ಲವೆಂದು ಯಂತ್ರ ಚೀರಿತು. “ಚೀರಲಿ. ಇದಕ್ಕಾದ್ರೂ ಗೊತ್ತಾಗ್ಲಿ” ಎಂದರು.

ಹದಿನೈದು ದಿನ ಬಿಟ್ಟು ಬೀರಪ್ಪ ಬಂದ. ಈ ಸಲ ಚಪ್ಪಲಿ ಕೆಳಗೇ ಬಿಟ್ಟಿದ್ದ. ಹೊಸ ಕರಿ ಕಂಬಳಿಯೊಂದನ್ನು ಮೇಷ್ಟ್ರ ಮುಂದಿಟ್ಟ. ಮೇಷ್ಟ್ರು ಮುಟ್ಟಲಿಲ್ಲ.

“ನಾನೇನು ಮಾಡ್ದೆ ಅಂತ ನಂಗ ಕಂಬಳಿ?”

“ನಿಮಗಲ್ರೀ. ಡಬ್ಬಿಗೆ ಹೊದಸ್ರಿ. ಚಳಿ ಬಂತು, ಮತ್ತೆ ನಡುಗಿಬಿಟ್ಟೀತು” ಎಂದು ನಗಲು ನೋಡಿದ. ಆಗಲಿಲ್ಲ.

“ಅವತ್ತು ಬಸಣ್ಣ ಹನ್ನೊಂದಕ್ಕ ಹೊರಟಿದ್ರ ಎರಡಕ್ಕ ಅಲ್ಲಿರ್ತಿದ್ದ. ಕೂಸು...” ಎಂದರು ಮೇಷ್ಟ್ರು.

“ಅದನ್ನ ಕೇಳಬ್ಯಾಡ್ರಿ ಸರ.” ಬೀರಪ್ಪ ಕಿಟಕಿಯ ಕಡೆ ತಿರುಗಿದ. “ನಮ್ಮ ತಂಗಿ ದಿನಾ ಅದನ್ನೇ ಕೇಳ್ತಾಳ. ಅಕಿಗೆ ಹೇಳಾಕ ನನ್ ಹತ್ರ ಏನೂ ಇಲ್ಲ. ನಿಮಗೆ ಎಲ್ಲಿಂದ ತರ್ಲಿ?”

ಅವನು ಹೋದ ಮೇಲೆ ಮೇಷ್ಟ್ರು ಕಂಬಳಿಯ ಮೇಲೆ ಕೈಯಿಟ್ಟುಕೊಂಡು ಕೂತರು. ಬೆರಳು ಮುರಿಯಲಿಲ್ಲ. ಆ ದಿನದಿಂದ ಮುರಿದದ್ದನ್ನು ನಾನು ಕಾಣಲಿಲ್ಲ.

ಪುಸ್ತಕ ಬಂದಿತ್ತು, ಅಕ್ಕಿ ಡ್ರಮ್ಮಿನ ದುಂಡನೆಯ ಗುರುತು ಹೊತ್ತುಕೊಂಡು. ನಾನು ಮೊದಲಿನಿಂದ ಎಲ್ಲವನ್ನೂ ಹೊಡೆದೆ. ಅದು ಸಾಲದೆಂದು ಮೇಷ್ಟ್ರು ಭಾನುವಾರ ಭಾನುವಾರ ಬಸ್ಸು ಹತ್ತಿ ಹಳ್ಳಿಗಳಿಗೆ ಹೊರಟರು. ಪ್ರತಿಯೊಬ್ಬರ ಮನೆಗೂ ಹೋಗಿ ಒಂದೇ ಪ್ರಶ್ನೆ: “ನಿಮ್ಮನ್ನ ಕೂಗೋರು ಯಾರು?” ಜನ ನಗುತ್ತಿದ್ದರು. ಹೆಂಡತಿ ಕೂಗ್ತಾಳೆ, ಸಾಲ ಕೊಟ್ಟೋನು ಕೂಗ್ತಾನೆ ಎನ್ನುತ್ತಿದ್ದರು. ಹೊಸಬಾಳೆಯ ಹತ್ತಿರ ಒಂಟಿಯಾಗಿದ್ದ ಗಂಗವ್ವ ಎಂಬುವಳು ಮಾತ್ರ ನಗಲಿಲ್ಲ. “ನನ್ನ ಕೂಗೋರು ಯಾರೂ ಇಲ್ಲಪ್ಪಾ” ಎಂದಳಂತೆ. ಮೇಷ್ಟ್ರು ಎದ್ದು ಬರಲಿಲ್ಲ. ಸ್ಕೀಮಾದ ಆ ಮನೆಯನ್ನು ಖಾಲಿ ಬಿಡುವಂತಿರಲಿಲ್ಲವಲ್ಲ. ಫೋನಿದ್ದ ಎದುರು ಮನೆಯವರಿಗೂ ಅವಳಿಗೂ ಬೇಲಿಯ ಜಗಳದಿಂದ ಮಾತು ನಿಂತು ಎಷ್ಟೋ ಕಾಲವಾಗಿತ್ತು. ಸಂಜೆಯವರೆಗೆ ಅಲ್ಲೇ ಕೂತು, ಎದುರು ಮನೆಯ ಸೊಸೆಯ ಬಾಯಿಂದ ‘ಗಂಗತ್ತೇ’ ಎಂದು ಒಂದು ಸಲ ಕೂಗಿಸಿ, ಆಕೆ ಓ ಅಂದ ಮೇಲೆ ಎದ್ದು ಬಂದರು.

ಎಲ್ಲರಿಗೂ ಜೇಬಿನಲ್ಲಿ ಇಟ್ಟುಕೊಳ್ಳಲು ಸಣ್ಣ ಚೀಟಿ. ಹೆಸರು, ಗುಂಪು, ಫೋನು, ಕೂಗುವವರು. ಮೇಷ್ಟ್ರ ಪ್ರಿಂಟರು ಗರಗರ ಅನ್ನುತ್ತಾ ಅವನ್ನು ಕಕ್ಕುತ್ತಿತ್ತು, ನಾನು ಕತ್ತರಿಸುತ್ತಿದ್ದೆ. ಅವರ ಸ್ವಂತ ಚೀಟಿ ಮಾತ್ರ ನನ್ನ ಕೈಗೆ ಬಂದಿರಲಿಲ್ಲ.

ಅದೇ ವರ್ಷದ ಚಳಿಗಾಲ. ಒಂದು ಭಾನುವಾರ ಹತ್ತು ಗಂಟೆಯ ಬಿಸಿಲಿಗೆ ನಾನು ಅಂಗಳದಲ್ಲಿ ತಲೆ ಒಣಗಿಸಿಕೊಳ್ಳುತ್ತಿದ್ದೆ. ಅಜ್ಜಿ ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದಳು. ಪ್ರೇಮಕ್ಕ ಅವರ ಅಂಗಳಕ್ಕೆ ಬಂದು ನನ್ನ ಹೆಸರು ಹಿಡಿದು ಕೂಗಿದರು. ಆ ದನಿ ಯಾವಾಗಿನ ಹಾಗಿರಲಿಲ್ಲ.

ಮೊದಲನೆಯ ಕೂಗಿಗೇ ಓ ಅಂದುಬಿಟ್ಟೆ.

“ತಡಿಯೇ ಹುಡುಗಿ!” ಎಂದು ಅಜ್ಜಿ ನನ್ನ ಸೆರಗು ಹಿಡಿದಳು.

ಶಿರಾಳಕೊಪ್ಪದ ಬಸ್‌ಸ್ಟ್ಯಾಂಡಿನ ಹೋಟೆಲಿನಿಂದ ಫೋನು. ಯಾರೋ ಬಸ್ಸಿನಿಂದ ಇಳಿಯುತ್ತಾ ಎದೆ ಹಿಡಿದುಕೊಂಡು ಕುಸಿದಿದ್ದಾರೆ. ಜೇಬಿನಲ್ಲಿ ಚೀಟಿ ಇದೆ. ಚೀಟಿಯಲ್ಲಿ ಪ್ರೇಮಕ್ಕನ ನಂಬರು, ಪಿ.ಪಿ., ಅದರ ಮುಂದೆ ನನ್ನ ಹೆಸರು.

ಸ್ವಂತ ಫೋನಿದ್ದ ಮನುಷ್ಯ. ಆದರೆ ಮಹಡಿಯ ಮೇಲೆ ಆ ಫೋನೆತ್ತಿ ಅವರನ್ನು ಕೂಗುವವರು ಯಾರಿದ್ದರು? ಎಂಟು ಟೈಪ್‌ರೈಟರ್‌ಗಳು. ಖಾಲಿ ಬಿಡುವಂತಿಲ್ಲ ಎಂದು ಅವರೇ ಬರೆದ ನಿಯಮ ಅವರನ್ನೂ ಬಿಟ್ಟಿರಲಿಲ್ಲ.

ಒದ್ದೆ ಕೂದಲಲ್ಲೇ ಸಿಕ್ಕಿದ ಟೆಂಪೋ ಹತ್ತಿದೆ. ಹೋಟೆಲಿನ ಬೆಂಚಿನ ಮೇಲೆ ಮಲಗಿಸಿದ್ದರು. ತಲೆಯ ಕೆಳಗೆ ಯಾರದೋ ಟವೆಲು. ಡಾಕ್ಟರು ಬಂದು ನೋಡಿ ಅಂಬುಲೆನ್ಸಿಗೆ ಹೇಳಲು ಹೋಗಿದ್ದರು. ಪಕ್ಕದಲ್ಲಿ ನಿಂತಿದ್ದ ಕಂಡಕ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಚೀಟೀಲಿರೋರು ನೀವೇ ಏನಮ್ಮಾ? ಇವರಿಗೆ ಏನಾಗ್ಬೇಕು?” ಎಂದ.

ಮಗಳಲ್ಲ, ತಂಗಿಯಲ್ಲ.

“ಇವರನ್ನ ಕೂಗೋಳು ನಾನು” ಎಂದೆ.

“ಹಂಗಾದ್ರೆ ಕೂಗಮ್ಮಾ. ಆಗ್ಲಿಂದ ನಾವು ಚೀಟೀಲಿರೋ ಹೆಸರು ಹಿಡಿದು ಕೂಗ್ತಾ ಇದೀವಿ, ಕಣ್ಣೇ ಬಿಡ್ತಿಲ್ಲ.”

ಬಗ್ಗಿ ಕಿವಿಯ ಹತ್ತಿರ ಬಾಯಿಟ್ಟು, ಮೇಷ್ಟ್ರೇ ಎಂದೆ.

ಎಡಗೈ ಬೆರಳು ಒಂದಿಷ್ಟು ಅಲುಗಿದ ಹಾಗಾಯಿತು. ಅಥವಾ ಹಾಗೆಂದು ನಾನು ಅಂದುಕೊಂಡೆ.

ಎರಡನೆಯ ಸಲ ಕೂಗಿದೆ.

ಅವರಿಗೆ ನಮ್ಮ ಅಜ್ಜಿಯ ನಿಯಮ ಗೊತ್ತಿತ್ತು. ಆ ಧೈರ್ಯದಿಂದ ಉಸಿರು ಗಟ್ಟಿಹಿಡಿದು, ಶಿರಾಳಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ, ಮೂರನೆಯ ಸಲ ಕೂಗಿದೆ. ಕೂಗಿ, ಕಾದೆ.